ಹೊಸದುರ್ಗದ ಮೇಡಂ, ಬಿ.ದುರ್ಗದ ಹಸು

ಚಿತ್ರದುರ್ಗದ ನನ್ನ ಮನೆಗೆ ಈಗಲೂ ಆಗಾಗ ಹೊಸದಾಗಿ ಕೆಲಸಕ್ಕೆ ಸೇರಿದ ಪಶುವೈದ್ಯರು ಬರುತ್ತಾರೆ. "ಸರ್, ನಿಮ್ಮ ಅನುಭವ ಏನಾದ್ರೂ ಹೇಳಿ" ಎನ್ನುತ್ತಾರೆ. ಹೋರಿಯೊಂದು ನನ್ನನ್ನು ಬೇಲಿ ಹತ್ತಿಸಿದ್ದು, ಎಮ್ಮೆಯ ಹೊಟ್ಟೆಯಿಂದ ಒಂದು ಇಡೀ ರಬ್ಬರ್ ಚಪ್ಪಲಿ ತೆಗೆದದ್ದು, ಇಂಥವನ್ನು ಹೇಳಿ ನಗಿಸಿ ಕಳಿಸುತ್ತೇನೆ. ಅವರು ಗೇಟು ಹಾಕಿಕೊಂಡು ಹೋದ ಮೇಲೆ, ಹೇಳಬೇಕಾದ್ದನ್ನು ಇವತ್ತೂ ಹೇಳಲಿಲ್ಲ ಅನಿಸುತ್ತದೆ. ಅದಕ್ಕೇ ಬರೆಯಲು ಕೂತಿದ್ದೇನೆ. ಬಡ್ತಿ, ವರ್ಗಾವಣೆ, ಸನ್ಮಾನ ಇದರಲ್ಲಿ ಇಲ್ಲ. ಒಣಹುಲ್ಲು ಇದೆ, ಅದನ್ನು ಕರಗಿಸುವ ಹಸುವಿನ ಹೊಟ್ಟೆ ಇದೆ, ಮತ್ತೆ ಒಬ್ಬ ಸಹೋದ್ಯೋಗಿಯ ಮೇಲೆ ನಾನು ಇಪ್ಪತ್ತು ವರ್ಷಕ್ಕೂ ಮೇಲೆ ಸಾಕಿಕೊಂಡು ಬಂದ ಹೊಟ್ಟೆಕಿಚ್ಚು ಇದೆ.

ಅವರ ಹೆಸರು ವನಜಾಕ್ಷಿ. ಕಾಲೇಜಿನಲ್ಲಿ ನನ್ನ ತರಗತಿಯವರೇ. ನಾನು ಮೊದಲ ಬೆಂಚು, ಮೊದಲ ದರ್ಜೆ. ಅವರು ಕೊನೆಯ ಬೆಂಚಿನಲ್ಲಿ ಕಿಟಕಿ ಪಕ್ಕ ಕೂರುತ್ತಿದ್ದರು. ಮೇವು ಮತ್ತು ಪೋಷಣೆಯ ಪರೀಕ್ಷೆಯಲ್ಲಿ ಒಮ್ಮೆ ಫೇಲಾಗಿ ಮತ್ತೆ ಕಟ್ಟಿ ಪಾಸಾದವರು. ಇಬ್ಬರಿಗೂ ಒಂದೇ ತಿಂಗಳಲ್ಲಿ ಕೆಲಸ ಸಿಕ್ಕಿತು. ನನಗೆ ಹೊಳಲ್ಕೆರೆ ತಾಲ್ಲೂಕು, ಅವರಿಗೆ ಹೊಸದುರ್ಗ ತಾಲ್ಲೂಕು. ಆದೇಶದ ಕಾಗದ ಕೈಗೆ ಬಂದ ದಿನ ನಾನು ಮನಸ್ಸಿನಲ್ಲೇ ಅಂದುಕೊಂಡಿದ್ದೆ: ಪಾಪ, ಈಕೆ ಹೇಗೆ ನಿಭಾಯಿಸುತ್ತಾಳೋ.

ಕೆಲಸಕ್ಕೆ ಸೇರಿದ ಮೊದಲ ವರ್ಷವೇ ನನ್ನ ತಾಲ್ಲೂಕಿನ ಬಿ.ದುರ್ಗದಿಂದ ಒಂದು ಕರೆ ಬಂತು. ಪಾಲಯ್ಯ ಅಂತ ಒಬ್ಬ ಹಿರಿಯ, ಕುರಿ ಕಾಯುವ ಮನೆತನದವನು. ಜೊತೆಗೆ ನಾಲ್ಕೆಕರೆ ಬೇಸಾಯವೂ ಇತ್ತು. ಅವನ ಒಂದು ಎತ್ತು ಐದು ದಿನದಿಂದ ಹುಲ್ಲಿಗೆ ಬಾಯಿ ಹಾಕಿರಲಿಲ್ಲ. ಎಡಪಕ್ಕೆಯ ಮೇಲೆ ಮುಷ್ಟಿ ಒತ್ತಿದರೆ ಒಳಗೆ ಅಲುಗಾಟವೇ ಇಲ್ಲ. ನಾನು ಇಂಜೆಕ್ಷನ್ ಕೊಟ್ಟು, ಹಸಿವಿನ ಪುಡಿ ಕಟ್ಟಿಕೊಟ್ಟೆ.

ಪಾಲಯ್ಯ ಪುಡಿಯ ಪೊಟ್ಟಣ ಹಿಡಿದುಕೊಂಡು ನಿಂತಿದ್ದ. "ಸಾಮೀ, ನಾವು ಇಂಥದ್ದಕ್ಕೆ ಒಂದು ಮಾಡ್ತೀವಿ. ಚೆನ್ನಾಗಿರೋ ಎತ್ತು ಮೆಲುಕು ಹಾಕೋವಾಗ ಬಾಯಾಗಳ ಉಂಡೆ ತೆಗೆದು ಇದರ ಬಾಯಿಗೆ ತುರುಕ್ತೀವಿ. ಎಲ್ಡು ದಿನಕ್ಕೆ ಎದ್ದು ಮೇಯ್ತಾವೆ. ಮಾಡ್ಲೇನು?"

ನಾನು ನಕ್ಕೆ. ಬರೀ ನಗಲಿಲ್ಲ, ಅಲ್ಲಿದ್ದ ಐದಾರು ಜನಕ್ಕೆ ಕೇಳುವ ಹಾಗೆ ಹೇಳಿದೆ. "ಒಂದರ ಎಂಜಲು ಇನ್ನೊಂದಕ್ಕೆ ತಿನ್ನಿಸಿ ರೋಗ ಹಂಚ್ತೀಯಾ? ಪುಡಿ ಹಾಕು ಸಾಕು."

"ಆಯ್ತು ಬಿಡ್ರಿ," ಎಂದ ಪಾಲಯ್ಯ.

ಎರಡು ದಿನ ಬಿಟ್ಟು ಆ ದಾರಿಯಲ್ಲಿ ಹೋದಾಗ ಎತ್ತು ಹುಲ್ಲು ಎಳೆಯುತ್ತಿತ್ತು. ನನ್ನ ಪುಡಿ ಕೆಲಸ ಮಾಡಿತು ಎಂದು ಡೈರಿಯಲ್ಲಿ ಬರೆದುಕೊಂಡೆ. ನಾನು ಬೆನ್ನು ತಿರುಗಿಸಿದ ಕೂಡಲೇ ಅವನು ತನ್ನ ಕೆಲಸ ಮಾಡಿದ್ದಾನೆ ಎನ್ನುವುದು ಆಗ ಹೊಳೆಯಲಿಲ್ಲ. ಪುಡಿಯ ಪೊಟ್ಟಣ ಬಿಚ್ಚದೆ ಗೂಡಿನಲ್ಲಿ ಇಟ್ಟಿದ್ದರು ಎಂದು ಅವನ ಸೊಸೆ ಕರಿಯಮ್ಮ ಎಷ್ಟೋ ವರ್ಷದ ಮೇಲೆ ಹೇಳಿದಳು.

ಹೊಟ್ಟೆಕಿಚ್ಚು ಶುರುವಾದದ್ದು ನನ್ನ ತಾಲ್ಲೂಕಿಗೆ ಹೊಂದಿಕೊಂಡ ಭೀಮಸಮುದ್ರದ ಒಂದು ಹಸುವಿನಿಂದ. ಅಡಿಕೆ ವ್ಯಾಪಾರದ ಮನೆ, ಮಗಳ ಮದುವೆ ಮುಗಿದಿತ್ತು. ಉಳಿದ ಅನ್ನವನ್ನು ಯಾರೋ ಕೊಟ್ಟಿಗೆಗೆ ಸುರಿದಿದ್ದರು. ಹಸು ಹೊಟ್ಟೆ ಬಿರಿಯುವಷ್ಟು ತಿಂದು ಮರುದಿನ ಬೆಳಿಗ್ಗೆ ಮಲಗಿಬಿಟ್ಟಿತ್ತು. ನಾನು ಹೋಗಿ ಅಡುಗೆ ಸೋಡಾದ ನೀರು ಕುಡಿಸಿ, ಗ್ಲೂಕೋಸು ಹಾಕಿ, ಇಡೀ ದಿನ ಅಲ್ಲೇ ಇದ್ದು ಬದುಕಿಸಿದೆ. ಸಂಜೆ ಹೊತ್ತಿಗೆ ಎದ್ದು ನಿಂತಿತು. ಮನೆಯವರು ಕೈ ಮುಗಿದರು. ಆದರೆ ಹಸು ಮುಂದೆ ಹುಲ್ಲು ಮುಟ್ಟಲಿಲ್ಲ. ಒಂಬತ್ತು ದಿನ ಮೇವಿನ ಮುಂದೆ ಸುಮ್ಮನೆ ನಿಂತಿತ್ತು. ನಾನು ದಿನಾ ಒಂದೊಂದು ಔಷಧ ಬದಲಿಸಿದೆ. ಹತ್ತನೇ ದಿನ ಹೋದರೆ ಕೊಟ್ಟಿಗೆ ಖಾಲಿ.

ಮನೆಯ ಯಜಮಾನರು ಸಂಕೋಚದಿಂದಲೇ ಹೇಳಿದರು. "ಬೇಜಾರ್ ಮಾಡ್ಕಬ್ಯಾಡ್ರಿ ಡಾಕ್ಟ್ರೇ. ಹೊಸದುರ್ಗಕ್ಕೆ ಟೆಂಪೋದಾಗೆ ಹಾಕ್ಕೊಂಡ್ ಹೋದ್ವಿ. ಅಲ್ಲೊಬ್ರು ಮೇಡಂ ಅವ್ರಂತೆ."

ವಾರದ ಮೇಲೆ ಹಸು ವಾಪಸ್ ಬಂತು. ನಾನು ನೋಡಲು ಹೋಗಬಾರದಿತ್ತು, ಹೋದೆ. ಅದು ಅಡಿಕೆ ಹಾಳೆಯ ಚೂರನ್ನೂ ಬಿಡದೆ ಅಗಿಯುತ್ತಿತ್ತು.

"ಏನು ಔಷಧ ಕೊಟ್ಟರು?"

"ಔಷಧ ಏನಿಲ್ರಿ. ಚಾ ತಗಂಡ್ ಹೋಗೋ ಥರ್ಮಾಸ್‌ನಾಗೆ ಅದೇನೋ ಹಸರು ಕಷಾಯ ತಂದು ಕೊಳವೆ ಹಾಕಿ ಹೊಟ್ಟೆಗೆ ಬಿಟ್ರು. ಎಲ್ಡು ಸಲ. ಅಷ್ಟೇಯ."

ಆ ದಿನ ಊಟದ ತಟ್ಟೆಯ ಮುಂದೆ ಕೂತವನಿಗೆ ಅನ್ನ ಇಳಿಯಲಿಲ್ಲ. ಹಸು ಬದುಕಿತಲ್ಲ ಎನ್ನುವ ಸಂತೋಷ ಎಲ್ಲೋ ಒಂದು ಮೂಲೆಯಲ್ಲಿ ಇದ್ದಿರಬಹುದು, ನನಗೆ ಕಾಣಲಿಲ್ಲ. ವನಜಾಕ್ಷಿಗೆ ಗೊತ್ತಿದ್ದದ್ದು ನನಗೆ ಯಾಕೆ ಗೊತ್ತಿರಲಿಲ್ಲ ಎನ್ನುವುದೊಂದೇ ಸುತ್ತುತ್ತಿತ್ತು.

ಮುಂದಿನ ವಾರ ಹೊಸದುರ್ಗದ ತಾಲ್ಲೂಕು ಕಚೇರಿಯಲ್ಲಿ ಏನೋ ಕೆಲಸವಿದೆ ಎಂದು ನನಗೆ ನಾನೇ ಹೇಳಿಕೊಂಡು ಬಸ್ಸು ಹತ್ತಿದೆ. ವನಜಾಕ್ಷಿಯ ಆಸ್ಪತ್ರೆ ತೆಂಗಿನ ತೋಟಗಳ ಅಂಚಿಗೆ ಎರಡು ಕೋಣೆಯ ಕಟ್ಟಡ. ನನ್ನನ್ನು ಕಂಡು ಅವರಿಗೆ ಖುಷಿಯಾಯಿತು. ಅದೂ ನನಗೆ ಕಿರಿಕಿರಿ.

"ಬನ್ನಿ ಮಂಜುನಾಥ್, ಒಳ್ಳೆ ಟೈಮಿಗೆ ಬಂದ್ರಿ," ಎಂದು ಕೈಯಿಲ್ಲದ ಕುರ್ಚಿಯೊಂದನ್ನು ಎಳೆದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಆರೋಗ್ಯವಾದ ಹಸುವಿನ ಹೊಟ್ಟೆಯಿಂದ ಕೊಳವೆಯಲ್ಲಿ ತೆಗೆದ ರಸದ ಒಂದು ಹನಿ ಗಾಜಿನ ಮೇಲಿತ್ತು. ಕಣ್ಣಿಟ್ಟೆ. ಕಾಲೇಜಿನಲ್ಲಿ ಚಿತ್ರ ಬರೆದು ಪೂರ್ತಿ ಅಂಕ ತೆಗೆದಿದ್ದೆ, ಜೀವಂತವಾಗಿ ನೋಡಿರಲಿಲ್ಲ. ಕೂದಲು ಮುಚ್ಚಿದ ಉದ್ದುದ್ದ ಜೀವಿಗಳು ಸಂತೆಯ ಜನದ ಹಾಗೆ ಒಂದಕ್ಕೊಂದು ಡಿಕ್ಕಿ ಹೊಡೆದುಕೊಂಡು ಓಡಾಡುತ್ತಿದ್ದವು. ನಡುವೆ ಹುಲ್ಲಿನ ಒಂದು ಚೂರು. ಅದರ ಅಂಚಿಗೆಲ್ಲ ಸಣ್ಣ ಚುಕ್ಕೆಗಳು ಮುತ್ತಿಕೊಂಡು ತಿನ್ನುತ್ತಿದ್ದವು.

"ಹುಲ್ಲು ತಿನ್ನೋದು ಹಸು ಅಂದ್ಕೊಂಡಿದೀವಿ. ಹಸುವಿಗೆ ನಾರು ಕರಗಿಸೋ ಶಕ್ತಿನೇ ಇಲ್ಲ. ತಿನ್ನೋದು ಇವು. ಇವುಗಳಿಗೆ ಬೆಚ್ಚಗೆ ಜಾಗ ಕೊಟ್ಟು, ಅಗಿದು ಅಗಿದು ಸಣ್ಣ ಮಾಡಿ ಕೊಡೋದಷ್ಟೇ ಹಸುವಿನ ಕೆಲಸ. ಇವು ನಾರನ್ನ ಹುಳಿಸಿ ಬಿಡೋ ರಸದಿಂದಲೇ ಹಸುವಿಗೆ ಶಕ್ತಿ. ಆಮೇಲೆ ಇವೇ ಮುಂದಿನ ಹೊಟ್ಟೆಗೆ ಇಳಿದು ಹಸುವಿಗೆ ಆಹಾರ ಆಗ್ತವೆ. ನಿಮ್ಮ ಭೀಮಸಮುದ್ರದ ಹಸು ಅನ್ನ ತಿಂತಲ್ಲ, ಹೊಟ್ಟೆ ಹುಳಿ ಏರಿ ಇವೆಲ್ಲ ಸತ್ತುಹೋಗಿದ್ವು. ನೀವು ಹುಳಿ ಇಳಿಸಿ ಜೀವ ಉಳಿಸಿದ್ರಿ. ಹುಲ್ಲು ತಿನ್ನೋರೇ ಇರಲಿಲ್ಲ, ಅದು ಯಾಕೆ ಹುಲ್ಲು ಮುಟ್ಟುತ್ತೆ? ನಾನು ಒಂದು ಥರ್ಮಾಸ್ ಜನಾನ ಕಳಿಸಿದೆ."

ಒಂದು ಗಾಜಿನ ನಳಿಕೆಗೆ ಆ ರಸ ಹಾಕಿ ನೀಲಿ ಬಣ್ಣದ ಒಂದೆರಡು ತೊಟ್ಟು ಬಿಟ್ಟರು. ಇಡೀ ನಳಿಕೆ ನೀಲಿಯಾಯಿತು. ನಾವು ಚಹಾ ಕುಡಿದು ಮುಗಿಸುವ ಹೊತ್ತಿಗೆ ನೀಲಿ ಮಾಯವಾಗಿ ಮತ್ತೆ ಹಸಿರುಗಂದು ಬಣ್ಣ ಬಂತು. ಒಳಗಿನ ಜೀವಿಗಳು ಬದುಕಿದ್ದರೆ ಬಣ್ಣವನ್ನು ಅಷ್ಟು ಬೇಗ ಅಳಿಸಿಬಿಡುತ್ತವೆ. ಸತ್ತಿದ್ದರೆ ನೀಲಿ ಹಾಗೇ ನಿಲ್ಲುತ್ತದೆ.

"ನಿಮಗೆ ಇದನ್ನ ಯಾರು ಹೇಳಿಕೊಟ್ರು?" ಎಂದೆ. ಯಾವುದೋ ದೊಡ್ಡ ಪ್ರಾಧ್ಯಾಪಕರ ಹೆಸರು ಹೇಳಲಿ ಎಂದು ಆಸೆಪಟ್ಟೆ.

"ಬಣ್ಣದ್ದು ಪುಸ್ತಕದ್ದು. ಫೇಲಾಗಿ ಎರಡು ಸಲ ಓದಿದ್ನಲ್ಲ, ಅದಕ್ಕೇ ನೆನಪಿದೆ. ಒಂದರ ಹೊಟ್ಟೆದು ಇನ್ನೊಂದಕ್ಕೆ ಕೊಡೋದು ಮಾತ್ರ ಪಾಲಯ್ಯ ಅಂತ ಒಬ್ಬರು ತೋರಿಸಿದ್ದು. ಕುರಿ ಮೇಯಿಸ್ಕೊಂಡು ಈ ಕಡೆ ಬಂದಿದ್ರು. ನಿಮ್ಮ ಬಿ.ದುರ್ಗದವರೇ! ನಿಮಗೆ ಪರಿಚಯ ಇರಬೇಕಲ್ಲ?"

"ಇಲ್ಲ," ಎಂದೆ.

ಬಸ್ಸಿನಲ್ಲಿ ವಾಪಸ್ ಬರುತ್ತಾ ನನಗೆ ಉರಿದದ್ದು ಇದೇ. ಆ ವಿದ್ಯೆ ಮೊದಲು ನನ್ನ ಬಾಗಿಲಿಗೆ ಬಂದಿತ್ತು. ನಾನು ನಕ್ಕು ಕಳಿಸಿದ್ದೆ. ಅವರು ಕೂತು ಕೇಳಿದ್ದರು.

ಮುಂದಿನ ವರ್ಷಗಳಲ್ಲಿ ವನಜಾಕ್ಷಿ ಒಣಹುಲ್ಲಿನ ಕೆಲಸಕ್ಕೆ ಕೈ ಹಾಕಿದರು. ಭತ್ತದ ಹುಲ್ಲು, ಮೆಕ್ಕೆಜೋಳದ ಒಣದಂಟಿನ ಸೆಪ್ಪೆ ಬರೀ ನಾರು. ಅದರ ಸತ್ವವನ್ನು ಗಟ್ಟಿ ಅಂಟು ಹಿಡಿದುಕೊಂಡಿರುತ್ತದೆ, ಹೊಟ್ಟೆಯ ಜೀವಿಗಳಿಗೆ ಬಾಯಿ ಹಾಕಲು ಸಂದು ಸಿಗುವುದಿಲ್ಲ. ಯೂರಿಯಾ ನೀರನ್ನು ಅಳತೆಯಲ್ಲಿ ಚಿಮುಕಿಸಿ, ಗಾಳಿಯಾಡದ ಹಾಗೆ ಮೂರು ವಾರ ಮುಚ್ಚಿಟ್ಟರೆ ಆ ಅಂಟು ಸಡಿಲವಾಗುತ್ತದೆ. ಜೀವಿಗಳಿಗೆ ಬೆಳೆಯಲು ಬೇಕಾದ ಸಾರಜನಕವೂ ಸಿಗುತ್ತದೆ. ಹುಲ್ಲು ಹೊಂಬಣ್ಣಕ್ಕೆ ತಿರುಗಿ ಮೆತ್ತಗಾಗುತ್ತದೆ. ಹೊಸದುರ್ಗದ ಕಡೆ ಹತ್ತಾರು ಹಳ್ಳಿಯಲ್ಲಿ ಅವರು ಅದನ್ನು ಮಾಡಿಸಿದರು. ಹಾಲು ಹೆಚ್ಚಾಯಿತು. ಜನ ಅದಕ್ಕೆ 'ವನಜಮ್ಮನ ಹುಲ್ಲು' ಎಂದೇ ಹೆಸರಿಟ್ಟರು. ನನ್ನ ಆಸ್ಪತ್ರೆ ಎದುರಿನ ಚಹಾ ಅಂಗಡಿಯವನು ಒಂದು ದಿನ, "ಏನ್ಸಾರ್, ಆ ವನಜಮ್ಮನ ಹುಲ್ಲು ನಮ್ಮ ಕಡೆಗೆ ಯಾವಾಗ ಬರ್ತೈತೆ?" ಎಂದು ಕೇಳಿದ. ಅವನ ಅಂಗಡಿಯಲ್ಲಿ ಚಹಾ ಕುಡಿಯುವುದನ್ನೇ ಬಿಟ್ಟೆ.

ಆಗ ಜಿಲ್ಲೆಯಲ್ಲಿ ಒಬ್ಬ ಮೇಲಧಿಕಾರಿ ಇದ್ದರು. ಕೆಟ್ಟ ಮನುಷ್ಯರಲ್ಲ. ಆದರೆ ಇಬ್ಬರನ್ನು ಹೋಲಿಸಿದರೆ ಇಬ್ಬರೂ ಓಡುತ್ತಾರೆ ಎಂದು ನಂಬಿದವರು. ಚಿತ್ರದುರ್ಗದ ಮಾಸಿಕ ಸಭೆಯಲ್ಲಿ ಎಲ್ಲರ ಮುಂದೆ ನನ್ನತ್ತ ನೋಡಿ, "ಹೊಸದುರ್ಗದಲ್ಲಿ ಆಗೋದು ಹೊಳಲ್ಕೆರೆಯಲ್ಲಿ ಯಾಕ್ರೀ ಆಗಲ್ಲ? ನೀವು ಕಾಲೇಜಿಗೇ ಮೊದಲಿಗರಂತಲ್ಲ?" ಎಂದರು.

ಸಭೆ ಮುಗಿದ ಮೇಲೆ ವನಜಾಕ್ಷಿ ತಮ್ಮ ನೋಟ್‌ಬುಕ್ಕನ್ನು ನನ್ನ ಮುಂದೆ ಚಾಚಿದರು. "ಇದರಲ್ಲಿ ಎಲ್ಲ ಬರೆದಿದೀನಿ, ತಗೊಂಡ್ಹೋಗಿ. ಮುಖ್ಯ ಒಂದೇ. ಕಲಸಿದ ಯೂರಿಯಾ ನೀರು ಒಂದು ಲೋಟನೂ ಹೊರಗೆ ಉಳಿಬಾರದು. ದನ ಕುಡಿದ್ರೆ ಮುಗೀತು."

"ನನಗೆ ಗೊತ್ತಿದೆ," ಎಂದೆ. ನೋಟ್‌ಬುಕ್ಕು ತೆಗೆದುಕೊಳ್ಳಲಿಲ್ಲ.

ಗೊತ್ತಿತ್ತು, ಸುಳ್ಳಲ್ಲ. ಹೊಟ್ಟೆಯ ಜೀವಿಗಳು ಯೂರಿಯಾವನ್ನು ಕ್ಷಣದಲ್ಲಿ ಅಮೋನಿಯಾ ಮಾಡುತ್ತವೆ. ಸ್ವಲ್ಪಸ್ವಲ್ಪವಾಗಿ ಬಂದರೆ ಅದನ್ನೇ ತಿಂದು ಬೆಳೆಯುತ್ತವೆ. ಒಮ್ಮೆಲೇ ಬಂದರೆ ಅವುಗಳ ಕೈ ಮೀರಿ, ಅದು ರಕ್ತಕ್ಕೆ ಇಳಿದು ದನವನ್ನೇ ಕೊಲ್ಲುತ್ತದೆ. ಪರೀಕ್ಷೆಯಲ್ಲಿ ಇದಕ್ಕೂ ಪೂರ್ತಿ ಅಂಕ ಬಂದಿತ್ತು.

ಸ್ವಲ್ಪ ದಿನದಲ್ಲೇ ಸುದ್ದಿ ಬಂತು. ಮೇಲಧಿಕಾರಿಗಳು ಹೊಸದುರ್ಗಕ್ಕೆ ಹೋಗಿ ವನಜಮ್ಮನ ಹುಲ್ಲು ನೋಡುತ್ತಾರಂತೆ. ನಾನು ಅವರ ಕಚೇರಿಗೆ ಹೋಗಿ, "ಸರ್, ಸ್ವಲ್ಪ ಬಳಸಿದ್ರೆ ನಮ್ಮ ಬಿ.ದುರ್ಗ ಸಿಗುತ್ತೆ, ಅಲ್ಲೂ ಒಂದು ಪ್ರಾತ್ಯಕ್ಷಿಕೆ ಇಟ್ಟಿದೀನಿ, ಮೊದಲು ಅಲ್ಲಿಗೆ ಬನ್ನಿ" ಎಂದೆ. ಅಲ್ಲಿ ಏನೂ ಇಟ್ಟಿರಲಿಲ್ಲ. ಎರಡೇ ದಿನದಲ್ಲಿ ಎಲ್ಲ ಹೊಂದಿಸಬೇಕಾಯಿತು. ಪಾಲಯ್ಯ ಅಷ್ಟು ಹೊತ್ತಿಗೆ ತೀರಿಕೊಂಡಿದ್ದ. ಸೊಸೆ ಕರಿಯಮ್ಮನ ಅಂಗಳ ದೊಡ್ಡದಾಗಿತ್ತು, ಅವಳು ಒಪ್ಪಿದಳು. ಅವಳದ್ದು ಒಂದೇ ಹಸು, ಹೆಸರು ಬೆಳ್ಳಿ. ಏಳು ತಿಂಗಳ ಗಬ್ಬ. ಅವಳೇ ಕರುವಿನಿಂದ ಸಾಕಿದ್ದು.

ಆ ದಿನ ಬೆಳಿಗ್ಗೆ ನಾನು ಹುಲ್ಲು ಹರಡಿಸಿ, ಬಕೆಟುಗಳಲ್ಲಿ ಯೂರಿಯಾ ಕಲಸಿ ಚಿಮುಕಿಸುತ್ತಿದ್ದೆ. ಒಂದು ಬಕೆಟು ಅರ್ಧ ಉಳಿದಿರುವಾಗಲೇ ಜೀಪಿನ ಹಾರ್ನ್ ಕೇಳಿತು. ಹೇಳಿದ್ದಕ್ಕಿಂತ ಒಂದು ಗಂಟೆ ಮುಂಚೆ ಬಂದಿದ್ದರು. ನಾನು ಬಕೆಟನ್ನು ಗೋಡೆಯ ಮಗ್ಗುಲಿಗೆ ತಳ್ಳಿ, ಕೈ ಒರೆಸಿಕೊಂಡು ಓಡಿದೆ. ಜೀಪಿನಿಂದ ಮೇಲಧಿಕಾರಿಗಳು ಇಳಿದರು. ಅವರ ಹಿಂದೆ ವನಜಾಕ್ಷಿಯೂ ಇಳಿದರು, ಕೈಯಲ್ಲಿ ಒಂದು ಚೀಲ. ಮೂರು ವಾರ ಹದವಾದ ಹುಲ್ಲು ಹೇಗಿರುತ್ತದೆ ಎಂದು ಜನಕ್ಕೆ ತೋರಿಸಲು ಮೇಲಧಿಕಾರಿಗಳೇ ಅವರನ್ನು ಕರೆಸಿದ್ದರು. ನನ್ನ ಅಂಗಳದಲ್ಲೂ ಅವರೇ! ನನಗೆ ಬೇರೆ ಏನೂ ಕಾಣದಾಯಿತು.

ಮೇಲಧಿಕಾರಿಗಳು ಮಾತಾಡಿದರು, ಫೋಟೋ ಆಯಿತು. ವನಜಾಕ್ಷಿ ಚೀಲದಿಂದ ಎರಡು ಹಿಡಿ ಹುಲ್ಲು ತೆಗೆದು ಬೆಳ್ಳಿಗೆ ಹಿಡಿದರು. ಅದು ಮೂಸಿ ನೋಡಿ ತಿಂದಿತು. ಜನ ಚಪ್ಪಾಳೆ ತಟ್ಟಿದರು. ಹೊಳಲ್ಕೆರೆಯಲ್ಲಿ ಊಟ ಮುಗಿಸಿ ಹೊಸದುರ್ಗಕ್ಕೆ ಹೋಗುವುದೆಂದು ಮೇಲಧಿಕಾರಿಗಳ ಜೀಪು ಹೊರಟಿತು. ವನಜಾಕ್ಷಿ ಜನರ ಜೊತೆ ಮಾತಾಡಿ ಬಸ್ಸಿಗೆ ಬರುತ್ತೇನೆಂದು ಉಳಿದರು. ಗದ್ದಲದಲ್ಲಿ ಯಾರೋ ಬೆಳ್ಳಿಯ ಹಗ್ಗವನ್ನು ಸಡಿಲವಾಗಿ ಕಟ್ಟಿದ್ದರು.

ನಾವು ಜಗಲಿಯಲ್ಲಿ ಊಟಕ್ಕೆ ಕೂತಿದ್ದೆವು. ಕರಿಯಮ್ಮನ ಕೂಗು ಕೇಳಿತು. "ಡಾಕ್ಟ್ರೇ, ಬರ್ರಿ ಇಲ್ಲಿ! ಬೆಳ್ಳಿ ನಡುಗ್ತೈತೆ!"

ಹಸು ಹಲ್ಲು ಕಡಿಯುತ್ತಾ, ಬಾಯಲ್ಲಿ ನೊರೆ ಸುರಿಸುತ್ತಾ, ಹೊಟ್ಟೆ ಉಬ್ಬಿ ನಿಂತಿತ್ತು. ಚರ್ಮದ ಕೆಳಗೆ ಇಡೀ ಮೈ ಅದುರುತ್ತಿತ್ತು. ನಾನು ಅದರ ಮುಖ ನೋಡಲಿಲ್ಲ. ಗೋಡೆಯ ಮಗ್ಗುಲು ನೋಡಿದೆ. ಬಕೆಟು ಖಾಲಿಯಾಗಿತ್ತು.

"ಹುಳಿ ಬೇಕು, ವಿನಿಗರ್, ಬೇಗ!" ಎಂದು ವನಜಾಕ್ಷಿ ಕೂಗಿದರು. ಊರಿನ ಎರಡು ಅಂಗಡಿಯಲ್ಲೂ ವಿನಿಗರ್ ಇರಲಿಲ್ಲ. ಅಮೋನಿಯಾ ಮುರಿಯಲು ಹುಳಿಯೇ ಬೇಕು, ಮನೆಮನೆಯಿಂದ ಹುಣಸೆಹಣ್ಣು ತಂದು ಕಿವುಚಿ, ತಣ್ಣೀರಿಗೆ ಬೆರೆಸಿ, ಕೊಳವೆಯಲ್ಲಿ ಬಿಟ್ಟೆವು. ವನಜಾಕ್ಷಿ ಹಸುವಿನ ತಲೆ ಹಿಡಿದಿದ್ದರು, ಸೀರೆಯೆಲ್ಲ ನೊರೆ. ನಾನು ಸುರಿಯುತ್ತಿದ್ದೆ. ಬೆಳ್ಳಿ ಒಮ್ಮೆ ಜೋರಾಗಿ ಕೂಗಿ ಮುಂಗಾಲು ಮಡಚಿ ಬಿತ್ತು. ಮತ್ತೆ ಏಳಲಿಲ್ಲ. ಹೊಟ್ಟೆಯೊಳಗಿನ ಕರುವೂ ಅದರ ಜೊತೆಗೇ ಹೋಯಿತು.

ಕರಿಯಮ್ಮ ಅದರ ಕತ್ತಿನ ಮೇಲೆ ಕೈಯಿಟ್ಟುಕೊಂಡು ಕೂತಳು. ಅಳಲಿಲ್ಲ. ಸುತ್ತ ನಿಂತವರಲ್ಲಿ ಒಬ್ಬ ನನ್ನನ್ನು ಕೇಳಿದ. "ಯಾಕ್ಸಾರ್ ಹಿಂಗಾತು? ಚೆನ್ನಾಗಿತ್ತಲ್ಲ."

ವನಜಾಕ್ಷಿ ಕೈ ತೊಳೆಯಲು ಹಿತ್ತಲಿಗೆ ಹೋಗಿದ್ದರು. ನಾನು ಹೇಳಿದೆ: "ಹೊಸ ಮೇವು ನೋಡಪ್ಪ. ಹೊಟ್ಟೆಗೆ ಒಗ್ಗಲಿಲ್ಲವೇನೋ."

ಅಷ್ಟೇ ಹೇಳಿದ್ದು. 'ಏನೋ' ಎಂದು ಬೇರೆ ಸೇರಿಸಿದ್ದೆ. ಆ ಬಕೆಟನ್ನು ಎತ್ತಿಕೊಂಡು ಹೋಗಿ ನಲ್ಲಿಯಲ್ಲಿ ತೊಳೆದು ಬೋರಲು ಹಾಕಿದೆ. ತಿರುಗಿದರೆ ವನಜಾಕ್ಷಿ ಅಲ್ಲೇ ನಿಂತಿದ್ದರು. ಒದ್ದೆ ಬಕೆಟು ನೋಡಿದರು, ನನ್ನನ್ನು ನೋಡಿದರು.

ವರದಿಯಲ್ಲಿ ಹೊಟ್ಟೆಯುಬ್ಬರದಿಂದ ಸಾವು ಎಂದು ಬರೆದೆ. ಆದರೆ ಜನರ ಬಾಯಿಗೆ ವರದಿ ಬೇಕಿರಲಿಲ್ಲ. ಹೊಸದುರ್ಗದ ಮೇಡಂ ಕೊಟ್ಟ ಎರಡು ಹಿಡಿ ಹುಲ್ಲಿಗೆ ಗಬ್ಬದ ಹಸು ಸತ್ತಿತು ಎಂಬ ಸುದ್ದಿ ಬಸ್ಸಿನಲ್ಲಿ, ಸಂತೆಯಲ್ಲಿ ಹರಡಿತು. ಹೊಸದುರ್ಗದ ಕಡೆ ಜನ ಮುಚ್ಚಿಟ್ಟ ಬಣವೆಗಳನ್ನು ಕಿತ್ತು ತಿಪ್ಪೆಗೆ ಹಾಕಿದರು. ಚಿತ್ರದುರ್ಗಕ್ಕೆ ಕರೆಸಿ ವನಜಾಕ್ಷಿಯಿಂದ ವಿವರಣೆ ಕೇಳಿದರು, ಯೂರಿಯಾ ಹುಲ್ಲಿನ ಕೆಲಸ ನಿಲ್ಲಿಸಲು ಹೇಳಿದರು. ಅವರು ಏನು ವಿವರಣೆ ಕೊಟ್ಟರೋ ನನಗೆ ತಿಳಿಯಲಿಲ್ಲ. ನನ್ನ ಹೆಸರು ಮಾತ್ರ ಎಲ್ಲೂ ಬರಲಿಲ್ಲ.

ಆ ವಾರ ನನಗೆ ಊಟ ರುಚಿಸಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ರುಚಿಸಿದ್ದು ನಿಜ. ಚಹಾ ಅಂಗಡಿಗೂ ಮತ್ತೆ ಹೋದೆ. ಹೊಟ್ಟೆಕಿಚ್ಚು ಇಲ್ಲಿಗೆ ಮುಗಿಯುತ್ತದೆ ಎಂದುಕೊಂಡಿದ್ದೆ, ಅವರು ಕೆಳಗಿಳಿದಾಯಿತಲ್ಲ. ಮುಗಿಯಲಿಲ್ಲ. ವನಜಾಕ್ಷಿ ಮತ್ತೆ ಬುಡದಿಂದ ಶುರು ಮಾಡಿದರು. ಸೆಪ್ಪೆಯನ್ನು ಸಣ್ಣಗೆ ಕತ್ತರಿಸುವುದು, ನೆನೆಸಿ ಕೊಡುವುದು, ಅಡಿಕೆ ಹಾಳೆ ಚೂರು ಮಾಡಿ ಬೆರೆಸುವುದು, ಒಂದು ಮೇವಿನಿಂದ ಇನ್ನೊಂದಕ್ಕೆ ಹೋಗುವಾಗ ಹೊಟ್ಟೆಯ ಜೀವಿಗಳಿಗೆ ಎರಡು ವಾರ ಸಮಯ ಕೊಡುವುದು. ಮನೆಮನೆಗೆ ಹೋಗಿ ಬೈಸಿಕೊಂಡೇ ಹೇಳಿದರು. ಐದಾರು ವರ್ಷದಲ್ಲಿ ಭೀಮಸಮುದ್ರದವರು ಮತ್ತೆ ನನ್ನನ್ನು ದಾಟಿಕೊಂಡು ಅವರ ಹತ್ತಿರ ಹೋಗತೊಡಗಿದರು. ಬೈಸಿಕೊಂಡೂ ಹೀಗೆ ನಡೆಯುವ ಶಕ್ತಿ ಅವರಿಗೆ ಎಲ್ಲಿಂದ ಬರುತ್ತದೆ ಎಂದು ಅದಕ್ಕೂ ಹೊಟ್ಟೆ ಉರಿಯಿತು.

ಅವರನ್ನು ಮೀರಿಸಬೇಕು ಎಂದೇ ನಾನು ನನ್ನ ಸ್ವಂತಕ್ಕೆ ಒಂದು ಸೂಕ್ಷ್ಮದರ್ಶಕ ತಂದೆ. ಪ್ರತಿ ದನದ ಹೊಟ್ಟೆಯ ರಸ ಮೂಸಿ, ಬಣ್ಣ ಹಾಕಿ ನೋಡುವುದು ಕಲಿತೆ. ಹುಳಿ ವಾಸನೆ ಬಂದರೆ ಧಾನ್ಯ ಹೆಚ್ಚಾಗಿದೆ, ಕೊಳೆತ ವಾಸನೆ ಬಂದರೆ ಒಳಗೆ ಬೇರೇನೋ ಕೆಟ್ಟಿದೆ. ಈ ಸಣ್ಣ ಪರೀಕ್ಷೆ ಹತ್ತು ಇಂಜೆಕ್ಷನ್ ಉಳಿಸುತ್ತದೆ. ಈಗಿನವರ ಕೈಯಲ್ಲಿ ಚೀಲದಲ್ಲಿ ಹುದುಗಿಸಿದ ಮೇವು ಇದೆ, ಫೋನಿನಲ್ಲಿ ಸಗಣಿಯ ಫೋಟೋ ಬರುತ್ತದೆ. ಆದರೂ ಒಮ್ಮೆ ಆ ರಸ ಮೂಸಿ ನೋಡಿ ಎನ್ನುತ್ತೇನೆ. ನನಗೆ ಒಳ್ಳೆಯ ಹೆಸರು ಬಂತು, ಸುಳ್ಳಲ್ಲ. ಜನ ಹೊಗಳಿದಾಗಲೆಲ್ಲ ಒಂದು ಒದ್ದೆ ಬಕೆಟು ಕಣ್ಣ ಮುಂದೆ ಬಂದು ನಿಲ್ಲುತ್ತಿತ್ತು.

ನಿವೃತ್ತಿಗೆ ಕೆಲವೇ ತಿಂಗಳಿರುವಾಗ ಹಿರಿಯೂರಿನಲ್ಲಿ ಹೊಸಬರಿಗೆ ಒಂದು ತರಬೇತಿ ನಡೆಯಿತು. ನಾನೂ ವನಜಾಕ್ಷಿಯೂ ಮಾತಾಡಲು ಹೋಗಿದ್ದೆವು. ಮೇವಿನ ಬಗ್ಗೆ ಚರ್ಚೆ ನಡೆಯುವಾಗ ಒಬ್ಬ ಹೊಸ ವೈದ್ಯೆ ಎದ್ದು ನಿಂತಳು. "ಸರ್, ಯೂರಿಯಾ ಹುಲ್ಲು ತಿನ್ನಿಸಬೇಡಿ ಅಂತ ನಮ್ಮ ಸೀನಿಯರ್ಸ್ ಹೇಳಿದ್ರು. ಹಿಂದೆ ಯಾರೋ ಒಬ್ಬರು ಮೇಡಂ ಎರಡು ಹಿಡಿ ತಿನ್ನಿಸಿ ಗಬ್ಬದ ಹಸುನೇ ಸತ್ತುಹೋಯ್ತಂತಲ್ಲ?"

ವನಜಾಕ್ಷಿ ಎರಡನೇ ಸಾಲಿನಲ್ಲಿ ಕೂತಿದ್ದರು. ತಲೆ ಬಗ್ಗಿಸಿ ತಮ್ಮ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಅವರ ಕೂದಲು ಪೂರ್ತಿ ಬೆಳ್ಳಗಾಗಿದ್ದನ್ನು ನಾನು ಆಗಲೇ ಗಮನಿಸಿದ್ದು. ನಾನು ಹೇಳಿದ ಅರ್ಧ ವಾಕ್ಯ ಈಗ ಪಾಠವಾಗಿ ನನ್ನ ಮುಂದೆಯೇ ಬಂದು ನಿಂತಿತ್ತು. ಈ ಹುಡುಗಿ ಅದನ್ನು ಇನ್ನೂ ಮೂವತ್ತು ವರ್ಷ ಹೊತ್ತುಕೊಂಡು ಹೋಗುತ್ತಾಳೆ.

ನಾನು ಮೈಕು ತೆಗೆದುಕೊಂಡೆ. "ಹಸು ಸತ್ತಿದ್ದು ಹುಲ್ಲಿನಿಂದಲ್ಲ. ಅದು ಸರಿಯಾಗಿ ಹದವಾದ ಹುಲ್ಲು. ಉಳಿದಿದ್ದ ಯೂರಿಯಾ ನೀರಿನ ಬಕೆಟನ್ನ ನಾನು ಗೋಡೆ ಪಕ್ಕ ಬಿಟ್ಟು ಹೋಗಿದ್ದೆ. ಅದನ್ನ ಕುಡಿದು ಸತ್ತಿತು. ಆಮೇಲೆ ಬಕೆಟ್ ತೊಳೆದಿಟ್ಟವನೂ ನಾನೇ, ಹುಲ್ಲಿನ ಮೇಲೆ ಹಾಕಿದವನೂ ನಾನೇ. ಆ ಮೇಡಂ ಇಲ್ಲೇ ಕೂತಿದ್ದಾರೆ."

ಪ್ರಶ್ನೆ ಕೇಳಿದ ಹುಡುಗಿ ತಿರುಗಿ ಎರಡನೇ ಸಾಲಿನತ್ತ ನೋಡಿದಳು.

ಊಟದ ಬಿಡುವಿನಲ್ಲಿ ಅವರನ್ನು ಹುಡುಕಿಕೊಂಡು ಹೋದೆ. ವರಾಂಡದ ಕೊನೆಯಲ್ಲಿ ನಿಂತಿದ್ದರು.

"ನಿಮಗೆ ಅವತ್ತೇ ಗೊತ್ತಿತ್ತು," ಎಂದೆ.

"ಗೊತ್ತಿತ್ತು."

"ಯಾಕೆ ಹೇಳಲಿಲ್ಲ?"

"ಹೇಳಿದೆ. ಚಿತ್ರದುರ್ಗದಲ್ಲಿ ವಿವರಣೆ ಕೇಳಿದಾಗ ಬಕೆಟ್ಟಿನ ವಿಷಯ ಬರೆದುಕೊಟ್ಟೆ. ಸಾಹೇಬರು ಓದಿ, 'ಸಾಕ್ಷಿ ಏನಿದೆ? ಮೊದಲಿಗನ ಮೇಲೆ ಹೊಟ್ಟೆಕಿಚ್ಚಿಗೆ ಬರೆದಿದೀಯ ಅಂತಾರೆ ಜನ, ಹರಿದುಹಾಕಮ್ಮ' ಅಂದ್ರು. ಹರಿದುಹಾಕಿದೆ." ಅವರ ದನಿ ಮೊದಲ ಸಲ ಗಡುಸಾಗಿತ್ತು. "ನಾನೇನು ದೊಡ್ಡ ಮನಸ್ಸು ಮಾಡಿ ಸುಮ್ಮನಿದ್ದೆ ಅಂದ್ಕೋಬೇಡಿ ಮಂಜುನಾಥ್. ಎಷ್ಟೋ ವರ್ಷ ನಿಮ್ಮ ಹೆಸರು ಕೇಳಿದ್ರೆ ಮೈ ಉರೀತಿತ್ತು. ಕರಿಯಮ್ಮನಿಗೆ ಹೇಳಿದ್ರಾ?"

"ಇಲ್ಲ."

"ಇಲ್ಲಿ ಹೇಳೋದು ಸುಲಭ. ಇಲ್ಲಿ ಯಾರ ಹಸುನೂ ಸತ್ತಿಲ್ಲ."

ಅದೇ ಭಾನುವಾರ ಬಿ.ದುರ್ಗಕ್ಕೆ ಹೋದೆ. ಕರಿಯಮ್ಮನಿಗೂ ವಯಸ್ಸಾಗಿತ್ತು. ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. "ಕುಂತ್ಕಳ್ರಿ," ಎಂದಳು. ಕೂರದೆ ನಿಂತೇ ಎಲ್ಲ ಹೇಳಿದೆ. ಅವಳು ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. ನಾನು ಹೇಳಿ ಮುಗಿಸಿದ ಮೇಲೆ ನಿಲ್ಲಿಸಿದಳು.

"ಬಕೀಟು ನೀವು ಇಟ್ಟಿದ್ದು ತಪ್ಪು. ಅದು ಯಾರ ಕೈಯಾಗೂ ಆಗ್ತೈತೆ," ಎಂದಳು ನಿಧಾನವಾಗಿ. "ಆದ್ರೆ ಇಷ್ಟು ವರ್ಷ ನಾನು ಆ ತಾಯಿನ ಬೈಕಂಡು ಬಂದ್ನಲ್ಲ. ಬೆಳ್ಳಿ ನೆನಪಾದಾಗೆಲ್ಲ ಬೈದೀನಿ. ಕೈ ನೋಯೋವರ್ಗೂ ನನ್ನ ಹಸೀನ ತಲೆ ಹಿಡ್ಕಂಡಿದ್ಲು ಆಯಮ್ಮ. ಆಕೆಗೇ ಶಾಪ ಹಾಕ್ಸಿದ್ರಲ್ಲ ನನ್ನ ಕೈಯಾಗೆ. ಅದುಕ್ಕೇನು ಔಷಧ ಕೊಡ್ತೀರಿ?"

ಅವಳು ಬಿಡಿಸಿದ ಕಾಳಿನ ಮೊರವನ್ನು ಪಕ್ಕಕ್ಕೆ ಸರಿಸಿದಳು.

"ಆಯಮ್ಮನ್ನ ಕರ್ಕಂಡ್ ಬರ್ರಿ. ನಾನು ಬೈದಿದ್ನೆಲ್ಲ ಅವಳ ಮುಂದೇನೇ ವಾಪಸ್ ತಗಬೇಕು."

ಎರಡು ವಾರದ ಮೇಲೆ ನಾನು ಹೊಸದುರ್ಗಕ್ಕೆ ಹೋಗಿ ವನಜಾಕ್ಷಿಯನ್ನು ಕರೆದುಕೊಂಡು ಬಂದೆ. ಕರಿಯಮ್ಮ ಬಾಗಿಲಲ್ಲೇ ಅವರ ಎರಡೂ ಕೈ ಹಿಡಿದುಕೊಂಡಳು. ಇಬ್ಬರೂ ಒಳಗೆ ಹೋಗಿ ಕೂತರು. ನಾನು ಹೊರಗೆ ಜಗಲಿಯಲ್ಲಿ. ಒಳಗಿನಿಂದ ಅಳುವೂ ಕೇಳಿತು, ಸ್ವಲ್ಪ ಹೊತ್ತಿಗೆ ನಗುವೂ ಕೇಳಿತು. ನನಗೆ ಒಂದು ಲೋಟ ನೀರು ಕೊಡಬೇಕೆಂದು ಯಾರಿಗೂ ನೆನಪಾಗಲಿಲ್ಲ. ಅಲ್ಲಿ ಕೂತಾಗಲೂ ನನಗೆ ಆದದ್ದು ಪಶ್ಚಾತ್ತಾಪ ಒಂದೇ ಎಂದರೆ ಸುಳ್ಳಾಗುತ್ತದೆ. ಅಷ್ಟೆಲ್ಲ ಕಳೆದುಕೊಂಡೂ ಅವರಿಗೆ ಆ ನಗು ಹೇಗೆ ಉಳಿಯಿತು ಎಂದು ಹಳೆಯ ಉರಿ ಒಮ್ಮೆ ಎದ್ದು ಬಂತು.

ಹೊರಗೆ ಬಂದಾಗ ಕರಿಯಮ್ಮ ಕೊಟ್ಟಿಗೆಯತ್ತ ಕೈ ತೋರಿಸಿದಳು. ಅವಳ ಈಗಿನ ಹಸು ಮೂರು ದಿನದಿಂದ ಸರಿಯಾಗಿ ಮೆಲುಕು ಹಾಕುತ್ತಿರಲಿಲ್ಲ. "ಮೇಡಮ್ಮ, ಬಂದಿದ್ದೀರಿ, ಒಂದೀಟು ನೋಡಿ ಹೋಗ್ರಿ."

ವನಜಾಕ್ಷಿ ನನ್ನತ್ತ ತಿರುಗಿದರು. "ಇದು ಹೊಳಲ್ಕೆರೆ ತಾಲ್ಲೂಕು. ಇಲ್ಲಿನ ಡಾಕ್ಟ್ರು ಅವರು. ಅವರೇ ನೋಡಬೇಕು."

ಕರಿಯಮ್ಮ ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿದಳು. ಎಷ್ಟೋ ಹೊತ್ತು ನೋಡಿದಳು. ಮೂವತ್ತು ವರ್ಷಕ್ಕೂ ಮೇಲಾದ ನನ್ನ ಸರ್ವೀಸಿನಲ್ಲಿ ಯಾವ ಪರೀಕ್ಷೆಯ ಫಲಿತಾಂಶಕ್ಕೂ ನಾನು ಹಾಗೆ ಕಾದಿರಲಿಲ್ಲ.

"ಆಯ್ತು, ಅವ್ರೇ ನೋಡ್ಲಿ," ಎಂದಳು. "ಆದ್ರೆ ನೀವು ಪಕ್ಕದಾಗೇ ನಿಂತಿರಬೇಕು."

ನಾನು ಷರ್ಟಿನ ತೋಳು ಮಡಚಿಕೊಂಡು ಹಸುವಿನ ಎಡಗಡೆಗೆ ಹೋದೆ. ವನಜಾಕ್ಷಿ ಬಂದು ಪಕ್ಕದಲ್ಲಿ ನಿಂತರು.